ಐರಿಷ್ ಬೇರು ಹುಡುಕುವವರ ಪ್ರಶ್ನೋತ್ತರ: ಜಮೀನು, ಸಾವು, ಹಡಗು

ಗುಂಪಿನ ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಐರಿಷ್ ಮನೆತನಕ್ಕೆ ಸೊಸೆಯಾಗಿ, ಅಳಿಯನಾಗಿ ಹೋದವರು ನಮ್ಮಲ್ಲಿ ಹಲವರಿದ್ದಾರೆ. ಬೆಂಗಳೂರಿನ ಆಂಗ್ಲೋ ಇಂಡಿಯನ್ ಸ್ನೇಹಿತರೂ ಇದ್ದಾರೆ. ಹಳೇ ಕುಟುಂಬದ ದಾಖಲೆ ಹುಡುಕುವುದನ್ನೇ ಕಸುಬು ಮಾಡಿಕೊಂಡು ಡಬ್ಲಿನ್ನಿನಲ್ಲಿರುವ ನಮ್ಮ ‘ದಾಖಲೆ ಮೇಡಂ’ ಇವತ್ತು ಉತ್ತರ ಕೊಡುತ್ತಾರೆ. ಹೆಸರು, ಅಂದಾಜು ವರ್ಷ, ಕೌಂಟಿ (ಅಂದರೆ ಜಿಲ್ಲೆ) ಮೂರೂ ಬರೆದು ಕೇಳಿ.

ಕಾರ್ಕ್ ಕನ್ನಡಿಗ: ಮೇಡಂ, ನನ್ನ ಹೆಂಡತಿಯ ಮುತ್ತಜ್ಜ ಕಾರ್ಕಿನವರು. ಅವಳಿಗೆ ಐರಿಷ್ ಪಾಸ್‌ಪೋರ್ಟ್ ಸಿಗುತ್ತಾ?

ದಾಖಲೆ ಮೇಡಂ: ಅಜ್ಜ ಅಥವಾ ಅಜ್ಜಿ ಐರ್ಲೆಂಡಿನಲ್ಲಿ ಹುಟ್ಟಿದ್ದರೆ ದಾರಿ ಇದೆ. ಮುತ್ತಜ್ಜ ಮಾತ್ರ ಅಂದರೆ, ನಿಮ್ಮ ಹೆಂಡತಿ ಹುಟ್ಟುವ ಮೊದಲೇ ಅವರ ಅಪ್ಪನೋ ಅಮ್ಮನೋ ವಿದೇಶಿ ಜನನ ನೋಂದಣಿ (ಹೊರದೇಶದಲ್ಲಿ ಹುಟ್ಟಿದ ಐರಿಷ್ ವಂಶಸ್ಥರು ಪೌರತ್ವಕ್ಕಾಗಿ ಮಾಡಿಸುವುದು) ಮಾಡಿಸಿರಬೇಕು. ಅದಿಲ್ಲದಿದ್ದರೆ ಈ ದಾರಿ ಮುಚ್ಚಿದ ಹಾಗೆ.

ಮಲೆನಾಡ ಮಳೆ: ನಮ್ಮ ಮಾವನ ಮನೆಯ ಅಜ್ಜಿ ಒಬ್ಬರಿಗೆ 1901ರ ಜನಗಣತಿಯಲ್ಲಿ 53 ವರ್ಷ, 1911ರಲ್ಲಿ 71! ಹತ್ತು ವರ್ಷದಲ್ಲಿ ಹದಿನೆಂಟು ವರ್ಷ ಹೇಗೆ ಕಳೆಯಿತು? ಇಬ್ಬರೂ ಬೇರೆಯವರಾ?

ದಾಖಲೆ ಮೇಡಂ: ಒಬ್ಬರೇ ಇರಬಹುದು. 1909ರ ಜನವರಿ 1ರಿಂದ ವೃದ್ಧಾಪ್ಯ ಪಿಂಚಣಿ ಶುರುವಾಯಿತು. 70 ತುಂಬಿರಬೇಕು ಅನ್ನೋದು ನಿಯಮ. ಆದರೆ ಜನನ ನೋಂದಣಿ ಬಂದಿದ್ದೇ 1864ರಲ್ಲಿ, ಹಾಗಾಗಿ ಮುದುಕರ ಹತ್ತಿರ ಸರ್ಟಿಫಿಕೇಟ್ ಎಲ್ಲಿಂದ ಬರಬೇಕು? ಊರಿಗೆ ಊರೇ ರಾತ್ರೋರಾತ್ರಿ ಮುದಿಯಾಯಿತು. ವಯಸ್ಸು ಬಿಡಿ. ಜೊತೆಯಲ್ಲಿ ಇದ್ದವರ ಹೆಸರು, ಮನೆ ಇದ್ದ ಗ್ರಾಮ, ಅಂದರೆ ಅಲ್ಲಿನವರು ಹೇಳುವ ಟೌನ್‌ಲ್ಯಾಂಡ್ ಎರಡೂ ಕಡೆ ಹೊಂದುತ್ತಾ ನೋಡಿ.

ಗಾಲ್ವೇ ಸೊಸೆ: ಮೇಡಂ, ನಮ್ಮ ಯಜಮಾನರ ಮುತ್ತಜ್ಜಿ ಮೇರಿ. ಮೇಯೋ ಕೌಂಟಿಯ ಬೆಲ್ಮಲೆಟ್ ಕಡೆಯವರು, 1881ರಲ್ಲಿ ಪಕ್ಕದ ಊರಿಗೆ ಮದುವೆಯಾಗಿ ಹೋದವರು. ಅಪ್ಪನ ಹೆಸರು ಮೈಕಲ್ ಬಿ. ಮನೆತನದ ಹೆಸರು ಪೂರ್ತಿ ಹಾಕಬೇಡ ಅಂದಿದ್ದಾರೆ ಅತ್ತೆ. ಗ್ರಿಫಿತ್ ವ್ಯಾಲ್ಯುಯೇಶನ್ನಿನಲ್ಲಿ (ಜಮೀನು, ಮನೆ ಯಾರ ಕೈಯಲ್ಲಿದೆ ಅಂತ ಬರೆದ ಹಳೇ ಕಂದಾಯ ಪಟ್ಟಿ) ಮೈಕಲ್ ಹೆಸರು ಇದೆ. ಆಮೇಲಿನ ತಿದ್ದುಪಡಿ ಪುಸ್ತಕದಲ್ಲಿ 1885ರಲ್ಲಿ ಅದನ್ನು ಹೊಡೆದುಹಾಕಿದ್ದಾರೆ. 1884ರಲ್ಲಿ ಮೈಕಲ್ ಬಿ., 60 ವರ್ಷ, ಸತ್ತ ದಾಖಲೆ ಸಿಕ್ಕಿತು. ಸತ್ತರು, ಜಮೀನು ಹೋಯಿತು. ಅಷ್ಟೇ ಅಲ್ವಾ? ಅತ್ತೆ ಮಾತ್ರ ‘ಒಂದೇ ದಿನದಲ್ಲಿ ಮನೆ ಖಾಲಿ ಆಯಿತಂತೆ’ ಅಂತಾರೆ.

ದಾಖಲೆ ಮೇಡಂ: ಇಲ್ಲಿ ನಿಲ್ಲಿ. ಆ ಸಾವಿನ ಸಾಲನ್ನು ಕೊನೆವರೆಗೂ ಓದಿ ಹೇಳಿ. ಎಲ್ಲಿ ಸತ್ತರು, ಕಸುಬು ಏನು, ಮಾಹಿತಿ ಕೊಟ್ಟವರು ಯಾರು. ಹೊಡೆದ ಹೆಸರಿನ ಮೇಲೆ ಯಾರ ಹೆಸರು ಬಂದಿದೆ ಅನ್ನೋದೂ ಬೇಕು.

ಸತ್ಯಶೋಧಕ: ಎಲ್ಲರ ಗಮನಕ್ಕೆ, ಬಂದದ್ದನ್ನು ಹಾಗೇ ಕಳಿಸುತ್ತಿದ್ದೇನೆ. ‘1922ರ ಬೆಂಕಿಯಲ್ಲಿ ಐರ್ಲೆಂಡಿನ ಎಲ್ಲಾ ದಾಖಲೆ ಸುಟ್ಟು ಬೂದಿಯಾದವು. ಈಗ ಉಳಿದಿರುವುದು ಡಿಎನ್ಎ ಒಂದೇ. ಪರೀಕ್ಷೆ ಮಾಡಿಸಿ, ನಿಮ್ಮ ಹಳ್ಳಿ ತಿಳಿಯಿರಿ, ಕುಲದ ಲಾಂಛನ ಉಚಿತ.’

ದಾಖಲೆ ಮೇಡಂ: ಎಲ್ಲಾ ಸುಟ್ಟಿಲ್ಲ. 1922ರ ಜೂನ್ 30ರಂದು ಡಬ್ಲಿನ್ನಿನಲ್ಲಿ ದಾಖಲೆ ಕಚೇರಿ ಇದ್ದ ಫೋರ್ ಕೋರ್ಟ್ಸ್ ಆವರಣದ ಸ್ಫೋಟದಲ್ಲಿ 1821ರಿಂದ 1851ರವರೆಗಿನ ಜನಗಣತಿಯ ಬಹುಪಾಲು ಹೋಯಿತು. ಉಯಿಲುಗಳು ಹೋದವು, ಪ್ರಾಟೆಸ್ಟಂಟರ ಚರ್ಚ್ ಆಫ್ ಐರ್ಲೆಂಡಿನ ಎಷ್ಟೋ ರಿಜಿಸ್ಟರುಗಳೂ ಹೋದವು. ಜನನ ಮರಣದ ನೋಂದಣಿ ಅಲ್ಲಿ ಇರಲೇ ಇಲ್ಲ. ಕ್ಯಾಥೊಲಿಕ್ ರಿಜಿಸ್ಟರುಗಳು ಅವರವರ ಚರ್ಚಿನಲ್ಲೇ ಇದ್ದವು. 1708ರಿಂದ ಶುರುವಾದ ಕ್ರಯಪತ್ರದ ಕಚೇರಿ ಡಬ್ಲಿನ್ನಿನ ಹೆನ್ರಿಯೆಟಾ ಬೀದಿಯಲ್ಲಿ ಈಗಲೂ ಇದೆ. 1861, 1871ರ ಜನಗಣತಿಗೂ ಬೆಂಕಿಗೂ ಸಂಬಂಧ ಇಲ್ಲ, ಸರ್ಕಾರವೇ ಮೊದಲೇ ನಾಶ ಮಾಡಿತ್ತು. ಡಿಎನ್ಎ ಪರೀಕ್ಷೆಯಲ್ಲಿ ‘ಇಷ್ಟು ಶೇಕಡಾ ಐರಿಷ್’ ಅಂತ ತೋರಿಸುವ ಚಕ್ರದಿಂದ ಹಳ್ಳಿ ತಿಳಿಯೋದಿಲ್ಲ. ಲಾಂಛನ ಕೊಡುವುದು ಒಬ್ಬ ವ್ಯಕ್ತಿಗೆ, ಆ ಮನೆತನದ ಹೆಸರು ಇಟ್ಟುಕೊಂಡವರಿಗೆಲ್ಲ ಅಲ್ಲ. ನೀವು ಕಳಿಸಿದ್ದರಲ್ಲಿ ನಿಜ ಇರುವುದು ‘1922’ ಒಂದೇ.

ಸತ್ಯಶೋಧಕ: ಮಾಹಿತಿಗೆ ಅಂತ ಹಾಕಿದೆ ಮೇಡಂ. ಸಿಟ್ಟು ಯಾಕೆ?

ಗಾಲ್ವೇ ಸೊಸೆ: ಓದಿದೆ ಮೇಡಂ. ಸತ್ತ ಸ್ಥಳ ಗತಿಯಿಲ್ಲದ ಬಡವರನ್ನು ಇಡುತ್ತಿದ್ದ ಬೆಲ್ಮಲೆಟ್ ವರ್ಕ್‌ಹೌಸ್. ವಿಧುರ. ಕಸುಬು ಕೂಲಿ. ಕಾಯಿಲೆ ಬ್ರಾಂಕೈಟಿಸ್, ಮೂರು ವಾರ. ಮಾಹಿತಿ ಕೊಟ್ಟದ್ದು ವರ್ಕ್‌ಹೌಸಿನವರೇ. ಜಮೀನಿನ ಪುಸ್ತಕದಲ್ಲಿ ಪಕ್ಕದ ಮನೆಯ ಆಂಟನಿ ಅನ್ನುವವನ ಹೆಸರು ಬಂದಿದೆ. ಮನೆಯ ಕಾಲಮ್ಮಿನಲ್ಲಿ ‘ಮನೆ ಬಿದ್ದಿದೆ’ ಅಂತ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ.

ದಾಖಲೆ ಮೇಡಂ: ಹಾಗಾದರೆ ಅವನು ನಿಮ್ಮ ಮೈಕಲ್ ಅಲ್ಲ ಅನ್ನೋ ಅನುಮಾನ ಜಾಸ್ತಿ ಆಯಿತು. 1881ರಲ್ಲಿ ಮಗಳ ಮದುವೆ ದಾಖಲೆಯಲ್ಲಿ ಅಪ್ಪನ ಕಸುಬು ಏನು ಬರೆದಿದ್ದಾರೆ? ರೈತ ಅಂತ ಇರಬೇಕು. ಜಮೀನು ಕೈಯಲ್ಲಿದ್ದ ರೈತ ಮೂರೇ ವರ್ಷದಲ್ಲಿ ವರ್ಕ್‌ಹೌಸಿನಲ್ಲಿ ಕೂಲಿಯಾಗಿ ಸಾಯಬಾರದು ಅಂತಿಲ್ಲ. ಆದರೆ ಮಗಳು ಪಕ್ಕದ ಊರಲ್ಲೇ ಇದ್ದಾಳೆ. ಈ ಸಾವಿನ ದಾಖಲೆಯಲ್ಲಿ ಅವಳ ಹೆಸರು ಎಲ್ಲೂ ಇಲ್ಲ.

ಗ್ರಿಫಿತ್ ಪುಟ ಇನ್ನೊಂದು ಸಲ ತೆಗೆಯಿರಿ. ಅದೇ ಟೌನ್‌ಲ್ಯಾಂಡಿನಲ್ಲಿ ಎಷ್ಟು ಮೈಕಲ್ ಬಿ. ಇದ್ದಾರೆ? ಹೆಸರಿನ ಪಕ್ಕ ಕಂಸದಲ್ಲಿ ಏನಾದರೂ ಇದೆಯಾ?

ಗಾಲ್ವೇ ಸೊಸೆ: ಅಯ್ಯೋ, ಇಬ್ಬರಿದ್ದಾರೆ! ಒಬ್ಬ ಮೈಕಲ್ (ಪ್ಯಾಟ್), ಇನ್ನೊಬ್ಬ ಮೈಕಲ್ (ಜಾನ್). ಸಣ್ಣ ಅಕ್ಷರ ಅಂತ ಬಿಟ್ಟುಬಿಟ್ಟಿದ್ದೆ. ಮದುವೆ ದಾಖಲೆಯಲ್ಲಿ ರೈತ ಅಂತಲೇ ಇದೆ.

ದಾಖಲೆ ಮೇಡಂ: ಆ ಕಂಸದಲ್ಲಿರುವುದು ಅಪ್ಪನ ಹೆಸರು. ಒಂದೇ ಹೆಸರಿನವರನ್ನು ಬೇರೆ ಮಾಡಲು ಗುಮಾಸ್ತರು ಹಾಕಿದ್ದು. ನಮ್ಮೂರಲ್ಲಿ ದೊಡ್ಡ ನಂಜಪ್ಪ, ಸಣ್ಣ ನಂಜಪ್ಪ ಅಂತೀವಲ್ಲ, ಹಾಗೆ.

ಈಗ ನಿಮ್ಮವರು ಯಾರು? ಮೇರಿಗೆ ಅಣ್ಣಂದಿರು ಇದ್ದರಾ? ಐರಿಷ್ ಮನೆಗಳಲ್ಲಿ ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು ಇಡುವ ರೂಢಿ ಇತ್ತು, ನಮ್ಮಲ್ಲಿ ತಾತನ ಹೆಸರು ಇಟ್ಟ ಹಾಗೆ. ಇದು ಸುಳಿವು ಅಷ್ಟೇ, ಸಾಕ್ಷಿ ಅಲ್ಲ.

ಹುಬ್ಬಳ್ಳಿ ಹುಡುಗ: ಮೇಡಂ, ನನ್ನ ಬಾಸ್‌ನ ಮುತ್ತಜ್ಜಿ ಐರಿಷ್. ಪಾಸ್‌ಪೋರ್ಟ್?

ದಾಖಲೆ ಮೇಡಂ: ಮೇಲೆ ಓದಿ.

ಕಾಕ್ಸ್ ಟೌನ್ ಅಂಕಲ್: ಗುಡ್ ಈವನಿಂಗ್ ಮೇಡಂ. ನಮ್ಮ ತಾತನ ತಾತ ಕಂಪನಿ ಸರ್ಕಾರದ ಮದ್ರಾಸ್ ಯೂರೋಪಿಯನ್ ಪಡೆಯಲ್ಲಿ ಸಿಪಾಯಿ. 1850ರ ದಶಕದಲ್ಲಿ ಬೆಂಗಳೂರು ಕಂಟೋನ್ಮೆಂಟಿನಲ್ಲಿ ಮದುವೆ. ಐರ್ಲೆಂಡಿನಲ್ಲಿ ಯಾವ ಊರು ಅಂತ ಗೊತ್ತಿಲ್ಲ. ಕೌಂಟಿಯೂ ಗೊತ್ತಿಲ್ಲ, ಕ್ಷಮಿಸಿ.

ದಾಖಲೆ ಮೇಡಂ: ಕ್ಷಮೆ ಯಾಕೆ ಅಂಕಲ್, ನಿಮಗೆ ಗೊತ್ತಿಲ್ಲದ್ದು ಕಾಗದಕ್ಕೆ ಗೊತ್ತಿರುತ್ತದೆ. ಆದರೆ ಐರ್ಲೆಂಡಿನಲ್ಲಿ ಈಗಲೇ ಹುಡುಕಬೇಡಿ, ಸಾವಿರ ಜಾನ್ ಮರ್ಫಿಗಳು ಸಿಗುತ್ತಾರೆ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇಂಡಿಯಾ ಆಫೀಸ್ ದಾಖಲೆಗಳಿವೆ. ಅದರಲ್ಲಿ ಎನ್/2 ಅನ್ನುವ ಸರಣಿ ಮದ್ರಾಸ್ ಪ್ರಾಂತ್ಯದ ನಾಮಕರಣ, ಮದುವೆ, ಸಮಾಧಿಯದು. ಬೆಂಗಳೂರಿನದೂ ಅದರಲ್ಲೇ ಬರುತ್ತದೆ. ಕಂಪನಿ ಸಿಪಾಯಿಗಳ ಪಟ್ಟಿ ಬೇರೆ ಇದೆ. ಪಡೆಯ ನಂಬರ್ ಯಾವುದು? 1ನೆಯದಾದರೆ ಅದು ಮುಂದೆ 102ನೇ ರೆಜಿಮೆಂಟ್ ಆಗಿ, 1881ರಲ್ಲಿ ರಾಯಲ್ ಡಬ್ಲಿನ್ ಫ್ಯುಸಿಲಿಯರ್ಸ್ ಆಯಿತು. 3ನೆಯದಾದರೆ ಇನ್ನಿಸ್ಕಿಲ್ಲಿಂಗ್ ಫ್ಯುಸಿಲಿಯರ್ಸ್ ಕಡೆ ಹೋಯಿತು. ಬ್ರಿಟಿಷ್ ಸೈನ್ಯಕ್ಕೆ ಸೇರಿಕೊಂಡು ಪಿಂಚಣಿ ಪಡೆದಿದ್ದರೆ ಬಿಡುಗಡೆ ಪತ್ರದಲ್ಲಿ ಹುಟ್ಟಿದ ಪ್ಯಾರಿಷ್ (ಚರ್ಚಿನ ವಲಯ), ಹತ್ತಿರದ ಪಟ್ಟಣ, ಕೌಂಟಿ ಮೂರೂ ಇರುತ್ತವೆ.

ಹುಬ್ಬಳ್ಳಿ ಹುಡುಗ: ನಮ್ಮನ್ನು ಆಳಕ್ಕೆ ಬಂದವರ ಬೇರು ಹುಡುಕಿ ಹೆಮ್ಮೆ ಪಡೋದು ವಿಚಿತ್ರ ಅಲ್ವಾ?

ಕಾಕ್ಸ್ ಟೌನ್ ಅಂಕಲ್: ಹೆಮ್ಮೆ ಅಂತ ನಾನೆಲ್ಲಿ ಹೇಳಿದೆ ತಮ್ಮಾ? ಅವರ ಹೆಸರು ನನಗೆ ಬಂದಿದೆ. ಊರು ತಿಳಿಯಬೇಕು, ಅಷ್ಟೇ.

ಕಾರ್ಕ್ ಕನ್ನಡಿಗ: ಐರಿಷರೂ ಇಂಗ್ಲಿಷರ ಕೈಕೆಳಗೇ ಇದ್ದವರು. ಊಟಕ್ಕಿಲ್ಲದೆ ಸೈನ್ಯ ಸೇರಿದರು.

ಹುಬ್ಬಳ್ಳಿ ಹುಡುಗ: ಊಟಕ್ಕಿಲ್ಲ ಅಂತ ಬಂದೂಕು ಹಿಡಿದು ಇನ್ನೊಬ್ಬರ ಊರಿಗೆ ಹೋಗಬಹುದಾ? 1857ರಲ್ಲಿ ಇದೇ ಮದ್ರಾಸ್ ಪಡೆ ಉತ್ತರಕ್ಕೆ ಹೋಗಿ ಏನು ಮಾಡಿತು ಓದಿ.

ಕಾರ್ಕ್ ಕನ್ನಡಿಗ: ನೀವು ಈಗ ಕೂತಿರೋದು ಯಾರ ಊರಲ್ಲಿ ಸ್ವಾಮಿ? ಡಬ್ಲಿನ್ ನಿಮ್ಮ ಹುಬ್ಬಳ್ಳಿಯಾ?

ಹುಬ್ಬಳ್ಳಿ ಹುಡುಗ: ನಾನು ವೀಸಾ ತಗೊಂಡು ಬಂದೀನಿ. ಬಂದೂಕು ತಗೊಂಡು ಅಲ್ಲ.

ಅಡ್ಮಿನ್: ದಯವಿಟ್ಟು ವಿಷಯಕ್ಕೆ ಬನ್ನಿ.

ಮಲೆನಾಡ ಮಳೆ: ಮೇಡಂ, ಸಾವಿನ ದಾಖಲೆಯಲ್ಲಿ ಅಪ್ಪ ಅಮ್ಮನ ಹೆಸರು ಯಾಕೆ ಕಾಣಿಸುತ್ತಿಲ್ಲ? ಬೇರೆ ಪುಟದಲ್ಲಿ ಇರುತ್ತಾ?

ದಾಖಲೆ ಮೇಡಂ: ಆ ಕಾಲದ ಐರಿಷ್ ಸಾವಿನ ದಾಖಲೆಯಲ್ಲಿ ಅದನ್ನು ಬರೆಯುತ್ತಲೇ ಇರಲಿಲ್ಲ.

ಗಾಲ್ವೇ ಸೊಸೆ: ಅತ್ತೆಗೆ ಫೋನ್ ಮಾಡಿದೆ. ಮೇರಿಯ ದೊಡ್ಡಣ್ಣ ಜಾನ್! ಆಮೇಲೆ ಮೂವರು ತಮ್ಮ ತಂಗಿಯರು. ಅಮ್ಮ ಕ್ಯಾಥರೀನ್.

ದಾಖಲೆ ಮೇಡಂ: ಸರಿ. ಹಾಗಾದರೆ ಮೈಕಲ್ (ಜಾನ್) ನಿಮ್ಮವರಿರಬಹುದು. ಈಗ ತಿದ್ದುಪಡಿ ಪುಸ್ತಕದಲ್ಲಿ ಇಬ್ಬರ ಸಾಲನ್ನೂ ಬೇರೆ ಬೇರೆ ಹಿಂಬಾಲಿಸಿ. ಹೆಸರಿನ ಹಿಂದೆ ಹೋಗಬೇಡಿ, ನಕ್ಷೆಯ ನಂಬರ್ ಹಿಂದೆ ಹೋಗಿ. ಜಮೀನು ಕದಲೋದಿಲ್ಲ, ಹೆಸರು ಮಾತ್ರ ಬದಲಾಗುತ್ತದೆ. ನಮ್ಮ ಕಡೆ ಖಾತೆ ಬದಲಾವಣೆ ನೋಡುತ್ತೀವಲ್ಲ, ಅದೇ ಲೆಕ್ಕ. ಒಂದೊಂದು ಪರಿಶೀಲನೆಗೆ ಒಂದೊಂದು ಬಣ್ಣದ ಶಾಯಿ ಬಳಸುತ್ತಿದ್ದರು. ಆ ಕೆಂಪು ಯಾವ ವರ್ಷದ್ದು ಅಂತ ಪಕ್ಕದ ಕಾಲಮ್ಮಿನಲ್ಲಿ ಅದೇ ಕೆಂಪಿನಲ್ಲಿ ಇರುತ್ತದೆ. ಅಧಿಕಾರಿ ಬಂದು ನೋಡಿದ ವರ್ಷ ಅದು. ಘಟನೆ ಒಂದೆರಡು ವರ್ಷ ಹಿಂದೆಯೇ ಆಗಿರಬಹುದು.

ಯಜಮಾನ ಸತ್ತರೆ ಸಾಮಾನ್ಯವಾಗಿ ಹೆಂಡತಿ ಹೆಸರೋ ಮಗನ ಹೆಸರೋ ಬರುತ್ತದೆ. ಇಲ್ಲಿ ಹೆಂಡತಿ ಇದ್ದಾಳೆ, ಬೆಳೆದ ಮಗ ಇದ್ದಾನೆ, ಆದರೂ ಜಮೀನು ಪಕ್ಕದವನಿಗೆ ಹೋಗಿದೆ. ಮನೆ ಬಿದ್ದಿದೆ. ಇದು ಒಬ್ಬರ ಸಾವಿನ ಗುರುತಲ್ಲ. ಮನೆಮಂದಿಯೆಲ್ಲ ಒಟ್ಟಿಗೆ ಎದ್ದು ಹೋದ ಗುರುತು. ನಿಮ್ಮ ಅತ್ತೆ ಹೇಳಿದ್ದೇ ಸರಿ ಇರಬಹುದು.

ಬೆಲ್ಮಲೆಟ್ ಅಂದ ಕೂಡಲೇ ನನಗೆ ಬ್ಲ್ಯಾಕ್‌ಸಾಡ್ ಕೊಲ್ಲಿ ನೆನಪಾಯಿತು. 1879ರಲ್ಲಿ ಆಲೂಗಡ್ಡೆ ಬೆಳೆ ಮತ್ತೆ ಕೈಕೊಟ್ಟು ಪಶ್ಚಿಮದ ಊರುಗಳು ಹಸಿದವು. ಆಮೇಲೆ ಜೇಮ್ಸ್ ಹ್ಯಾಕ್ ಟ್ಯೂಕ್ ಅನ್ನುವ ಇಂಗ್ಲಿಷ್ ಕ್ವೇಕರ್ (ಒಂದು ಕ್ರೈಸ್ತ ಪಂಥದವ) ಒಂದು ನಿಧಿ ಕಟ್ಟಿದ. 1882ರಿಂದ 1884ರೊಳಗೆ ಮೇಯೋ, ಗಾಲ್ವೇ ಕಡೆಯ ಸುಮಾರು 9,500 ಜನರನ್ನು ಅದರಿಂದ ಅಮೆರಿಕಕ್ಕೂ ಕೆನಡಾಕ್ಕೂ ಕಳಿಸಿದರು. ಒಂಟಿ ಹುಡುಗರನ್ನಲ್ಲ, ಹೆಚ್ಚಾಗಿ ಇಡೀ ಸಂಸಾರಗಳನ್ನು. ಬೆಲ್ಮಲೆಟ್ ಕಡೆಯವರು ಹಡಗಿಗಾಗಿ ಕಾರ್ಕಿನವರೆಗೆ ಹೋಗಬೇಕಾಗಿರಲಿಲ್ಲ. 1883, 1884ರಲ್ಲಿ ಹಡಗುಗಳೇ ಬ್ಲ್ಯಾಕ್‌ಸಾಡಿಗೆ ಬಂದು, ಅಲ್ಲಿಂದ ಬಾಸ್ಟನ್ನಿಗೂ ಕ್ವಿಬೆಕ್ಕಿಗೂ ಹೋದವು. ಬೆಳಿಗ್ಗೆ ಒಲೆ ಆರಿಸಿ ಹೊರಟರೆ ಸಂಜೆಗೆ ಸಮುದ್ರದಲ್ಲಿ. ಮನೆ ಖಾಲಿ ಆಗೋದು ಹೀಗೇ.

ಐರ್ಲೆಂಡ್ ಬಿಟ್ಟವರ ಪಟ್ಟಿ 1890ಕ್ಕೆ ಮೊದಲು ಸರಿಯಾಗಿ ಉಳಿದಿಲ್ಲ, ಹಾಗಾಗಿ ಇಳಿದ ಕಡೆ ಹುಡುಕಿ. ಬಾಸ್ಟನ್ ಬಂದರಿನ ಪಟ್ಟಿಯಲ್ಲಿ ಮೈಕಲ್, ಕ್ಯಾಥರೀನ್, ಜಾನ್ ಒಟ್ಟಿಗೆ ಇದ್ದಾರಾ ನೋಡಿ. ಸಿಕ್ಕಿದರೆ ಮ್ಯಾಸಚೂಸೆಟ್ಸ್ ರಾಜ್ಯದ ಸಾವಿನ ದಾಖಲೆ ತೆಗೆಯಿರಿ. ಅಲ್ಲಿ ಸತ್ತವರ ಅಪ್ಪ ಅಮ್ಮನ ಹೆಸರು ಇರುತ್ತದೆ. ಐರ್ಲೆಂಡ್ ಬಚ್ಚಿಟ್ಟಿದ್ದನ್ನು ಬಾಸ್ಟನ್ ಹೇಳುತ್ತದೆ.

ಸತ್ಯಶೋಧಕ: ಆದರೆ ನ್ಯೂಯಾರ್ಕಿನಲ್ಲಿ ವಲಸಿಗರನ್ನು ತಪಾಸಣೆ ಮಾಡುತ್ತಿದ್ದ ಎಲ್ಲಿಸ್ ದ್ವೀಪದಲ್ಲಿ ಅಧಿಕಾರಿಗಳು ಎಲ್ಲರ ಹೆಸರನ್ನೂ ಬದಲಾಯಿಸಿದರಂತೆ. ಹಾಗಾಗಿ ಹುಡುಕೋದು ವ್ಯರ್ಥ ಅಂತ ಒಂದು ವಿಡಿಯೋ ಬಂದಿದೆ. ಹಾಕಲಾ?

ದಾಖಲೆ ಮೇಡಂ: ಬೇಡ. ಎಲ್ಲಿಸ್ ದ್ವೀಪ ತೆರೆದದ್ದು 1892ರ ಜನವರಿ 1. ನಾವು ಮಾತಾಡುತ್ತಿರುವುದು 1883. ಅದೂ ಬಾಸ್ಟನ್. ಪಟ್ಟಿ ಬರೆಯುತ್ತಿದ್ದವರು ಹಡಗಿನ ಕಂಪನಿಯವರು, ದ್ವೀಪದವರು ಅದನ್ನೇ ಇಟ್ಟುಕೊಂಡು ಹೆಸರು ಕೂಗುತ್ತಿದ್ದರು. ಹೆಸರು ಬದಲಾಯಿಸಿಕೊಂಡವರು ಆಮೇಲೆ ತಾವೇ ಬದಲಾಯಿಸಿಕೊಂಡರು.

ಸತ್ಯಶೋಧಕ: ಲಕ್ಷಾಂತರ ಜನ ನೋಡಿರೋ ವಿಡಿಯೋ ಸುಳ್ಳಾ?

ದಾಖಲೆ ಮೇಡಂ: ಹೌದು.

ಕಾರ್ಕ್ ಕನ್ನಡಿಗ: ಒಂದು ಆನ್‌ಲೈನ್ ವಂಶವೃಕ್ಷದಲ್ಲಿ ನನ್ನ ಹೆಂಡತಿಯ ಮನೆತನ 1100ನೇ ಇಸವಿವರೆಗೆ ಹೋಗುತ್ತದೆ. ನಲವತ್ತು ಜನ ಅದನ್ನೇ ಹಾಕಿದ್ದಾರೆ. ನಂಬಬಹುದು ಅಲ್ವಾ?

ದಾಖಲೆ ಮೇಡಂ: ಒಬ್ಬ ತಪ್ಪು ಬರೆದ, ಮೂವತ್ತೊಂಬತ್ತು ಜನ ನಕಲು ಹೊಡೆದರು. ಸಾಮಾನ್ಯ ರೈತ ಕುಟುಂಬ 1800ಕ್ಕಿಂತ ಹಿಂದೆ ಹೋದರೆ ಅದೇ ಪುಣ್ಯ.

ಮಲೆನಾಡ ಮಳೆ: ನಿಮ್ಮ ಫೀಸ್ ಎಷ್ಟು ಮೇಡಂ? ಪರ್ಸನಲ್ ಆಗಿ ಮೆಸೇಜ್ ಮಾಡಬಹುದಾ?

ಕಾಕ್ಸ್ ಟೌನ್ ಅಂಕಲ್: ಮೇಡಂ, ಪಡೆಯ ನಂಬರ್ ಗೊತ್ತಾಗದಿದ್ದರೆ ಸಮಾಧಿ ಕಲ್ಲಿನ ಫೋಟೋದಿಂದ ಹೇಳಬಹುದಾ? ಬಟನ್ನಿನ ಚಿತ್ರ ಕೆತ್ತಿದ್ದಾರೆ.

ಹುಬ್ಬಳ್ಳಿ ಹುಡುಗ: ಅಂಕಲ್, ಫೋಟೋ ಹಾಕಿ ನೋಡೋಣ. ನಿಮಗೆ ಬೇಜಾರಾಗಿದ್ದರೆ ಸಾರಿ. ಕಾರ್ಕಿನವರಿಗೆ ಮಾತ್ರ ಸಾರಿ ಇಲ್ಲ.

ಕಾರ್ಕ್ ಕನ್ನಡಿಗ: ನಿನ್ನ ಸಾರಿ ಯಾರು ಕೇಳಿದರು?

ಅಡ್ಮಿನ್: ಇನ್ನೊಂದು ಸಲ ಹೀಗೆ ಬರೆದರೆ ಇಬ್ಬರನ್ನೂ ತೆಗೆಯುತ್ತೇನೆ.

ಗಾಲ್ವೇ ಸೊಸೆ: ಮೇಡಂ!! ಸಿಕ್ಕಿತು! ಬಾಸ್ಟನ್ ಪಟ್ಟಿ, 1883. ಮೈಕಲ್ 50, ಕ್ಯಾಥರೀನ್ 44, ಜಾನ್ 20, ಮತ್ತೆ ಇಬ್ಬರು ಮಕ್ಕಳು, ಬ್ರಿಜೆಟ್ 16, ಆಂಟನಿ 9. ಹೆಸರಿನ ಕೊನೆಯಲ್ಲಿ ಒಂದು ‘ಟಿ’ ಕಡಿಮೆ ಇದೆ. ಅತ್ತೆ ಅಳುತ್ತಿದ್ದಾರೆ.

ದಾಖಲೆ ಮೇಡಂ: ‘ಟಿ’ಗೆ ತಲೆ ಕೆಡಿಸಿಕೊಳ್ಳಬೇಡಿ. ನನಗೆ ಇನ್ನೊಂದು ವಿಷಯ ಕಾಡುತ್ತಿದೆ. ಮೂವರು ತಮ್ಮ ತಂಗಿಯರು ಅಂದಿರಿ, ಪಟ್ಟಿಯಲ್ಲಿ ಇಬ್ಬರೇ ಇದ್ದಾರೆ. 16 ಮತ್ತು 9ರ ನಡುವೆ ಏಳು ವರ್ಷದ ಖಾಲಿ ಜಾಗ. ಆ ಮಗುವಿನ ಹೆಸರು ಅತ್ತೆಗೆ ಗೊತ್ತಾ?

ಗಾಲ್ವೇ ಸೊಸೆ: ಹಾನೋರಾ ಅಂತೆ. ಅವರಿಗೆ ಅಷ್ಟೇ ಗೊತ್ತು.

ದಾಖಲೆ ಮೇಡಂ: ನೋರಾ, ಓನಿ, ಹಾನರ್, ಹೇಗಾದರೂ ಬರೆದಿರಬಹುದು. ಕ್ಯಾಥೊಲಿಕ್ ನಾಮಕರಣ 1867ರಿಂದ 1874ರವರೆಗೆ ನೋಡಿ, ನ್ಯಾಷನಲ್ ಲೈಬ್ರರಿಯ ತಾಣದಲ್ಲಿ ಉಚಿತ. ಆಮೇಲೆ ಬೆಲ್ಮಲೆಟ್ ಯೂನಿಯನ್ನಿನ (ನೋಂದಣಿ ವಲಯದ) ಸಾವುಗಳು, ಹುಟ್ಟಿದ ವರ್ಷದಿಂದ 1883ರವರೆಗೆ. 1879, 1880 ಎರಡು ವರ್ಷ ಸಾಲು ಸಾಲಾಗಿ ಓದಿ, ಸೂಚಿಯನ್ನು ನಂಬಬೇಡಿ. ಮಾಹಿತಿ ಕೊಟ್ಟವರ ಕಾಲಮ್ಮಿನಲ್ಲಿ ಮೈಕಲ್ ಹೆಸರು, ಪಕ್ಕದಲ್ಲಿ ಒಂದು ಗುಣಾಕಾರದ ಗುರುತು (ಬರೆಯಲು ಬಾರದವರ ಸಹಿ) ಇದ್ದರೆ ನಿಲ್ಲಿಸಿ, ನನಗೆ ಚಿತ್ರ ಕಳಿಸಿ. ಸಾವು ಸಿಗದಿದ್ದರೆ ಅವಳು ಮೇರಿಯ ಗಂಡನ ಮನೆಯಲ್ಲೇ ಉಳಿದಿರಬಹುದು. ಆ ಊರಿನ 1901ರ ಜನಗಣತಿಯಲ್ಲಿ ‘ನಾದಿನಿ’ ಅಂತ ಯಾರಾದರೂ ಇದ್ದಾರಾ?

ಸತ್ಯಶೋಧಕ: ಮೇಡಂ, ನಮ್ಮ ಓನರ್ ಮುತ್ತಜ್ಜ ಐರಿಷ್ ಅಂತೆ. ಪಾಸ್‌ಪೋರ್ಟ್…

ಗಾಲ್ವೇ ಸೊಸೆ: ಜನಗಣತಿ ತೆಗೆದೆ ಮೇಡಂ. ಮೇರಿ ಇದ್ದಾರೆ, ಗಂಡ, ಆರು ಮಕ್ಕಳು. ಕೊನೆಯ ಸಾಲು: ಹಾನರ್, 30, ಮದುವೆ ಇಲ್ಲ, ನಾದಿನಿ.