ಕಿಂಗ್ ಅವರ ದನಿ, ಟ್ರಕ್ಕಿನ ಜಾಹೀರಾತು

ಚಿಕ್ಕಪ್ಪ: (ಫಾರ್ವರ್ಡ್ ಮಾಡಿದ ವಿಡಿಯೊ) 2018ರಲ್ಲಿ ಸೂಪರ್ ಬೌಲ್ ಎಂಬ ಅಮೆರಿಕನ್ ಫುಟ್‌ಬಾಲ್ ಫೈನಲ್ ಪಂದ್ಯದ ನಡುವೆ ಬಂದ, ‘ರಾಮ್’ ಎಂಬ ಅಮೆರಿಕದ ಟ್ರಕ್ಕಿನ ಜಾಹೀರಾತು ಇದು. ಹಿನ್ನೆಲೆಯಲ್ಲಿ ಕೇಳುವುದು ಮಾರ್ಟಿನ್ ಲೂಥರ್ ಕಿಂಗ್ ಅವರದೇ ದನಿ. ಸೇವೆ ಮಾಡಬಲ್ಲವರೆಲ್ಲರೂ ದೊಡ್ಡವರಾಗಬಹುದು ಎಂಬ ಮಾತನ್ನು ಮಕ್ಕಳು ಕೇಳಲಿ ಎಂದು ಹಾಕಿದ್ದೇನೆ.

ನಾನು: ಚಿಕ್ಕಪ್ಪ, ಆ ಮಾತು ಬರುವ ಪ್ರವಚನವನ್ನು ಪೂರ್ತಿ ಓದಿದವರಿಗೆ ಇದನ್ನು ನೋಡಿದರೆ ಸಂಕಟವಾಗುತ್ತದೆ. ಕಿಂಗ್ ಅವರು ಅದನ್ನು ನೀಡಿದ್ದು 1968ರ ಫೆಬ್ರವರಿ 4ರಂದು, ಅಟ್ಲಾಂಟಾದ ತಮ್ಮ ಚರ್ಚಿನಲ್ಲಿ; ಸರಿಯಾಗಿ ಎರಡು ತಿಂಗಳಿಗೆ ಅವರ ಕೊಲೆಯಾಯಿತು. ಎಲ್ಲರಿಗಿಂತ ಮುಂದೆ ಕಾಣಿಸಿಕೊಳ್ಳಬೇಕೆಂಬ ಮನುಷ್ಯನ ಹಂಬಲವೇ ಅದರ ವಿಷಯ. ಆ ಹಂಬಲವನ್ನು ಹಿಡಿದು ನಮ್ಮನ್ನು ಆಡಿಸುವವರು ಜಾಹೀರಾತಿನವರು, ನೆರೆಯವರ ಹೊಟ್ಟೆ ಉರಿಯಬೇಕಾದರೆ ಇಂಥದೇ ಕಾರು ಓಡಿಸಿ ಎನ್ನುವವರು ಎಂದು ಅವರು ಅಲ್ಲಿ ನೇರವಾಗಿ ಹೇಳುತ್ತಾರೆ. ವರ್ಷಕ್ಕೆ 5,000 ಡಾಲರ್ ದುಡಿಯುವವರು 6,000 ಡಾಲರಿನ ಕಾರು ಇಟ್ಟುಕೊಳ್ಳುವುದನ್ನು ಕಂಡು ಮರುಗುತ್ತಾರೆ. ಕಂಪನಿ ಇದನ್ನೆಲ್ಲ ಕತ್ತರಿಸಿ, ಸೇವೆಯ ಕೆಲವೇ ಸಾಲುಗಳನ್ನು ತನ್ನ ವಾಹನಕ್ಕೆ ಅಂಟಿಸಿಕೊಂಡಿದೆ.

ಚಿಕ್ಕಪ್ಪ: ಆ ಪ್ರವಚನದ ಹೆಸರೇ ಗೊತ್ತಿಲ್ಲದ ಕೋಟ್ಯಂತರ ಜನರ ಕಿವಿಗೆ ಆ ದನಿ ಬಿತ್ತಲ್ಲಮ್ಮ, ಅದಕ್ಕೆ ಬೆಲೆಯಿಲ್ಲವೇ? ಲಾಭಕ್ಕೆಂದು ಮಾಡಿದ ಕೆಲಸದಿಂದಲೂ ಒಳಿತಾಗುವುದುಂಟು. 1929ರ ಈಸ್ಟರ್ ದಿನ ನ್ಯೂಯಾರ್ಕಿನ ಬೀದಿಯಲ್ಲಿ ಹೆಂಗಸರು ಎಲ್ಲರೆದುರು ಸಿಗರೇಟು ಹಚ್ಚಿದಾಗ, ಅವರಿಗೆ ಮಾತ್ರ ಇದ್ದ ಒಂದು ಕಟ್ಟುಪಾಡು ಮುರಿದದ್ದು ನಿಜವಲ್ಲವೇ?

ಅಕ್ಕ: ಕಟ್ಟುಪಾಡು ಅನ್ಯಾಯದ್ದೇ, ಚಿಕ್ಕಪ್ಪ. ಆದರೆ ಆ ದಿನವನ್ನು ಹೊಂಚಿದವರು ಅಮೆರಿಕನ್ ಟೊಬ್ಯಾಕೊ ಕಂಪನಿಗಾಗಿ ದುಡಿಯುತ್ತಿದ್ದ ಪ್ರಚಾರತಜ್ಞ ಎಡ್ವರ್ಡ್ ಬರ್ನೇಸ್. ಸಿಗರೇಟನ್ನು ‘ಸ್ವಾತಂತ್ರ್ಯದ ಪಂಜು’ ಎನ್ನುವ ಯೋಚನೆಯನ್ನು ಅವರು ಪಡೆದದ್ದು ಎ.ಎ. ಬ್ರಿಲ್ ಎಂಬ ಮನೋವಿಶ್ಲೇಷಕರಿಂದ. ಯುವತಿಯರಿಗೆ ಕರೆ ಹೋದದ್ದು ಬರ್ನೇಸ್ ಅವರ ಕಾರ್ಯದರ್ಶಿಯ ಹೆಸರಿನಲ್ಲಿ, ಕಂಪನಿಯ ಹೆಸರಿನಲ್ಲಲ್ಲ. ಅದಕ್ಕೂ ಮೊದಲು ಮತದ ಹಕ್ಕಿಗಾಗಿ ಸೆರೆಮನೆಗೆ ಹೋದ ಹೆಂಗಸರ ಎದುರಿಗೆ ಆ ಹಕ್ಕನ್ನು ಕೊಡಲೊಲ್ಲದ ಸರ್ಕಾರವಿತ್ತು, ಅವರು 1920ರಲ್ಲಿ ಸಂವಿಧಾನವನ್ನೇ ತಿದ್ದಿಸಿದರು. ಪಂಜಿನ ಹೆಸರಿನಲ್ಲಿ ಬಂದದ್ದಾದರೂ ಏನು? 1987ರ ಹೊತ್ತಿಗೆ ಅಮೆರಿಕದ ಹೆಂಗಸರಲ್ಲಿ ಸ್ತನ ಕ್ಯಾನ್ಸರಿಗಿಂತ ಹೆಚ್ಚು ಸಾವುಗಳು ಶ್ವಾಸಕೋಶದ ಕ್ಯಾನ್ಸರಿನಿಂದ ಆಗತೊಡಗಿದವು.

ನಾನು: ನನಗೆ ನೋವಾಗುವುದು ಇಲ್ಲಿಯೇ. ನಿಜವಾದ ಹೋರಾಟದಲ್ಲಿ ಯಾರಾದರೂ ಏನನ್ನಾದರೂ ಬಿಟ್ಟುಕೊಡಲೇಬೇಕಾಗುತ್ತದೆ. ಜಾಹೀರಾತು ಮುಷ್ಟಿ, ಬಾವುಟ, ಮೆರವಣಿಗೆಗಳನ್ನೆಲ್ಲ ಉಳಿಸಿಕೊಂಡು ಬೇಡಿಕೆಯನ್ನು ಮಾತ್ರ ಕಿತ್ತು ಹಾಕುತ್ತದೆ. 2017ರ ಪೆಪ್ಸಿ ಜಾಹೀರಾತಿನ ಫಲಕಗಳನ್ನು ಗಮನಿಸಿ: ಶಾಂತಿಯ ಚಿಹ್ನೆ, ‘ಮಾತುಕತೆಗೆ ಬನ್ನಿ’ ಎಂಬ ಕರೆ. ಆ ಜನ ಯಾರಿಂದ ಏನು ಕೇಳುತ್ತಿದ್ದಾರೆಂದು ಕೊನೆಯವರೆಗೂ ತಿಳಿಯುವುದಿಲ್ಲ. ರೂಪದರ್ಶಿ ಕೆಂಡಲ್ ಜೆನ್ನರ್ ಒಂದು ಕ್ಯಾನ್ ಕೊಡುತ್ತಾರೆ, ಪೊಲೀಸ್ ಅಧಿಕಾರಿ ಗುಟುಕರಿಸುತ್ತಾರೆ, ಎಲ್ಲರೂ ಕುಣಿಯುತ್ತಾರೆ. ಪೊಲೀಸರ ಗುಂಡಿಗೆ ಮಕ್ಕಳನ್ನು ಕಳೆದುಕೊಂಡವರು ಬೀದಿಗಿಳಿದಿದ್ದ ಕಾಲದಲ್ಲಿ ಹೀಗೆ ತೋರಿಸಿದ್ದರಿಂದಲೇ ಜನ ಕೆರಳಿದರು. ಕಂಪನಿ ಕೂಡಲೇ ಅದನ್ನು ಹಿಂದಕ್ಕೆ ಪಡೆದು ಕ್ಷಮೆ ಕೇಳಿತು.

ಚಿಕ್ಕಪ್ಪ: ಹಾಗಾದರೆ ತಡೆಯುವ ದಾರಿಯೂ ಇದೆಯೆಂದಾಯಿತು. ಚೆ ಗೆವಾರಾ ಅವರ ಪ್ರಸಿದ್ಧ ಚಿತ್ರ ತೆಗೆದ ಕೊರ್ಡಾ, ಹೋರಾಟಕ್ಕಾಗಿ ಅದನ್ನು ಬಳಸಿದವರನ್ನು ತಡೆಯಲಿಲ್ಲ. ವೋಡ್ಕಾ ಮಾರಲು ಬಳಸಿದಾಗ 2000ದಲ್ಲಿ ಮೊಕದ್ದಮೆ ಹೂಡಿದರು, ಸಿಕ್ಕ ಹಣವನ್ನು ಕ್ಯೂಬಾದ ಮಕ್ಕಳ ಔಷಧಿಗೆ ಕೊಟ್ಟರು. ಈ ಟ್ರಕ್ಕಿನ ವಿಷಯದಲ್ಲಿ ಕಿಂಗ್ ಅವರ ಹಕ್ಕುಗಳನ್ನು ನೋಡಿಕೊಳ್ಳುವ ಸಂಸ್ಥೆಯೇ ಒಪ್ಪಿಗೆ ಕೊಟ್ಟಿರುವಾಗ, ಕಂಪನಿಯೊಂದನ್ನೇ ದೂರುವುದು ನನಗೆ ಸರಿಕಾಣುವುದಿಲ್ಲ.

ನಾನು: ಕೊರ್ಡಾ ಬದುಕಿದ್ದರು, ಆದ್ದರಿಂದ ಬೇಡವೆನ್ನಲು ಆಯಿತು. ಒಪ್ಪಿಗೆ ಪಡೆದಿದ್ದರಿಂದ ಕಾನೂನಿನ ತೊಡಕು ತೀರಿರಬಹುದು, ಚಿಕ್ಕಪ್ಪ. ಕಾರಿನ ವ್ಯಾಮೋಹ ಬೇಡವೆಂದು ಎಚ್ಚರಿಸಿದವರ ದನಿಯಿಂದಲೇ ವಾಹನ ಮಾರಿದ್ದು ನ್ಯಾಯವೆಂದು ಅದರಿಂದ ಸಾಬೀತಾಗುವುದಿಲ್ಲ. ಪ್ರವಚನದ ಪೂರ್ತಿ ಧ್ವನಿಮುದ್ರಣವನ್ನು ಈಗಲೇ ಇಲ್ಲಿ ಹಾಕುತ್ತೇನೆ. ವಿಡಿಯೊ ನೋಡಿದ ಮಕ್ಕಳು ಅದನ್ನೂ ಕೇಳುವಂತೆ ದಯವಿಟ್ಟು ನೀವೇ ಹೇಳಿ.