ಟ್ಯಾಲಿ ಪಾಠದ ಪರದೆ ರೆಕಾರ್ಡ್ ಮಾಡಲು ಉಚಿತವಾಗಿ ಏನಿದೆ? ಅನುಭವ ಇದ್ದವರು ಹೇಳಿ

ಹಾಸನದ ಉಪನ್ಯಾಸಕಿ
ಪದವಿಪೂರ್ವ ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಕಲಿಸುತ್ತೇನೆ. ಹಳ್ಳಿಗಳಿಂದ ಬರುವ ಮಕ್ಕಳ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಲೆಕ್ಕ ಬರೆಯುವ ತಂತ್ರಾಂಶವಾದ ಟ್ಯಾಲಿಯಲ್ಲಿ ವೋಚರ್ (ಒಂದೊಂದು ವ್ಯವಹಾರದ ದಾಖಲೆ) ಹಾಕುವುದನ್ನು ನನ್ನ ಮಾತಿನೊಂದಿಗೆ ರೆಕಾರ್ಡ್ ಮಾಡಿ ಅವರ ಮೊಬೈಲಿಗೆ ಕಳುಹಿಸಬೇಕು. ನನ್ನದು ವಿಂಡೋಸ್ 10 ಇರುವ ಹಳೆಯ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್. ಏನು ಬಳಸಲಿ?

ಬೇಲೂರು ತರಬೇತುದಾರ
ಹೊರಗಿನದು ಏನೂ ಬೇಡ ಮೇಡಂ, ವಿಂಡೋಸ್ ಜೊತೆಗೇ ಬರುವ ಗೇಮ್ ಬಾರ್ ಸಾಕು. ನನ್ನ ಕೇಂದ್ರದ ಪಾಠಗಳೆಲ್ಲ ಅದರಲ್ಲೇ ಆಗಿವೆ. ವಿಂಡೋಸ್, ಆಲ್ಟ್, ಆರ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಶುರು, ಮತ್ತೊಮ್ಮೆ ಒತ್ತಿದರೆ ಮುಗಿಯಿತು.

ನನಗೆ ಪೆಟ್ಟು ಬಿದ್ದದ್ದು ಬ್ಯಾಕಪ್ ಪಾಠದಲ್ಲಿ. ಗೇಮ್ ಬಾರ್ ಒಂದು ತಂತ್ರಾಂಶದ ಕಿಟಕಿಯನ್ನಷ್ಟೇ ಹಿಡಿಯುತ್ತದೆ. ಡೆಸ್ಕ್‌ಟಾಪ್ ಮತ್ತು ಫೈಲ್ ಎಕ್ಸ್‌ಪ್ಲೋರರ್ ಅದರಲ್ಲಿ ಬರುವುದಿಲ್ಲ. ಟ್ಯಾಲಿಯ ದತ್ತಾಂಶದ ಫೋಲ್ಡರನ್ನು ಪೆನ್ ಡ್ರೈವಿಗೆ ಹಾಕುವ ಭಾಗದಲ್ಲಿ ನನ್ನ ಧ್ವನಿ ಮಾತ್ರ ಇತ್ತು. ಇದನ್ನು ಸರಿಪಡಿಸುತ್ತೇನೆಂದು ಊರಿನ ಒಬ್ಬರು ₹1,200 ತೆಗೆದುಕೊಂಡು ಇಡೀ ಯಂತ್ರವನ್ನೇ ಫಾರ್ಮ್ಯಾಟ್ ಮಾಡಿದರು. ಅಲ್ಲಿದ್ದ ಕನ್ನಡ ಟೈಪಿಸುವ ನುಡಿ ತಂತ್ರಾಂಶ ಹೋಯಿತು, ಪ್ರಿಂಟರ್ ಡ್ರೈವರ್ ಹೋಯಿತು, ಎರಡನ್ನೂ ಮರಳಿ ಹಾಕಿಸಲು ಇನ್ನೂ ₹400. ಅದು ದೋಷವೇ ಅಲ್ಲ, ಗೇಮ್ ಬಾರ್ ಇರುವುದೇ ಹಾಗೆ ಎಂದು ಅವರು ಮೊದಲೇ ಹೇಳಬಹುದಿತ್ತು. ಈಗ ಆ ಭಾಗವನ್ನು ತರಗತಿಯಲ್ಲೇ ತೋರಿಸುತ್ತೇನೆ, ಉಳಿದದ್ದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಸಕಲೇಶಪುರ ವಿಜ್ಞಾನ ಮೇಷ್ಟ್ರು
ಅರ್ಧ ಪಾಠ ರೆಕಾರ್ಡ್ ಆಗದ ಸಾಧನವನ್ನು ಸಾಕು ಎನ್ನುವುದು ಹೇಗೆ? ಒಬಿಎಸ್ ಸ್ಟುಡಿಯೋ ಹಾಕಿಕೊಳ್ಳಿ. ಪೂರ್ತಿ ಉಚಿತ, ಪೂರ್ತಿ ಪರದೆ ಬರುತ್ತದೆ.

ಆದರೆ ನಮ್ಮ ಕಡೆಯ ಮಳೆಗಾಲವನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. ನನ್ನದು ಡೆಸ್ಕ್‌ಟಾಪ್. ಹಾಕಿಕೊಟ್ಟವರು ವೀಡಿಯೊ ಫೈಲಿನ ಬಗೆಯನ್ನು ಎಂಪಿ4 ಎಂದು ಹೊಂದಿಸಿ ಹೋಗಿದ್ದರು. ಜುಲೈನಲ್ಲಿ ಬೆಳಕಿನ ವಕ್ರೀಭವನದ ಪಾಠ ಮುಗಿಯುವ ಹೊತ್ತಿಗೆ ಕರೆಂಟ್ ಹೋಯಿತು. ಫೈಲ್ ಇತ್ತು, ಗಾತ್ರವೂ ಇತ್ತು, ತೆರೆಯಲಿಲ್ಲ. ಮಾಮೂಲಿ ಎಂಪಿ4ರಲ್ಲಿ ಯಾವ ದೃಶ್ಯ ಎಲ್ಲಿದೆ ಎಂಬ ಸೂಚಿ ಬರೆಯಲ್ಪಡುವುದು ರೆಕಾರ್ಡಿಂಗ್ ನಿಲ್ಲಿಸಿದಾಗ. ಎಂಕೆವಿ ಎಂಬ ಇನ್ನೊಂದು ಬಗೆಯಲ್ಲಿ ಕರೆಂಟ್ ಹೋಗುವವರೆಗಿನದು ಉಳಿಯುತ್ತದೆ. ಆಮೇಲೆ ಒಬಿಎಸ್‌ನ ಫೈಲ್ ಮೆನುವಿನಲ್ಲೇ ರೀಮಕ್ಸ್ (ಫೈಲಿನ ಬಗೆ ಬದಲಿಸುವುದು) ಮಾಡಿದರೆ ಗುಣಮಟ್ಟ ಕೆಡದೆ ಎಂಪಿ4 ಆಗುತ್ತದೆ.

ಖರ್ಚು ಕೇಳಿ: ಯುಪಿಎಸ್ ₹3,300, ಅದರ ಬ್ಯಾಟರಿ ಸೋತ ಮೇಲೆ ಹೊಸದಕ್ಕೆ ₹1,050. ಕಾಲರ್ ಮೈಕ್ ₹850. ಅದರ ಪಿನ್ನಿನಲ್ಲಿ ಮೂರು ಕಪ್ಪು ಗೆರೆ, ಅಂದರೆ ಮೊಬೈಲಿನದು. ಡೆಸ್ಕ್‌ಟಾಪಿನ ಮೈಕ್ ಕಿಂಡಿಗೆ ಹಾಕಿದರೆ ಮೌನ. ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಅದನ್ನು ಡೆಸ್ಕ್‌ಟಾಪಿಗೆ ಹೊಂದಿಸುವ ಕವಲು ತಂತಿಗೆ ₹180. ಇಷ್ಟಾದರೂ ಶೀಟಿನ ಮೇಲೆ ಮಳೆ ಬಿದ್ದರೆ ನನ್ನ ಮಾತು ಯಾರಿಗೂ ಕೇಳುವುದಿಲ್ಲ. ಸದ್ದು ತಗ್ಗಿಸುವ ಆರ್‌ಎನ್‌ನಾಯ್ಸ್ ಫಿಲ್ಟರ್ ಹಾಕಿದೆ. ಫ್ಯಾನಿನ ಸದ್ದು ಹೋಗುತ್ತದೆ, ಆಷಾಢದ ಮಳೆ ಹೋಗುವುದಿಲ್ಲ.

ಬೇಲೂರು ತರಬೇತುದಾರ
ಐದು ಸಾವಿರ ದಾಟಿದ ಲೆಕ್ಕ ಕೊಟ್ಟು ಅದನ್ನು ಉಚಿತ ಎನ್ನುತ್ತಿದ್ದೀರಿ ಮೇಷ್ಟ್ರೇ. ಮೇಡಂ ಬಳಿ ಇರುವುದು ಲ್ಯಾಪ್‌ಟಾಪ್. ಕರೆಂಟ್ ಹೋದರೆ ಅದರ ಬ್ಯಾಟರಿ ಇದೆ.

ಸಕಲೇಶಪುರ ವಿಜ್ಞಾನ ಮೇಷ್ಟ್ರು
ಯುಪಿಎಸ್ ಖರ್ಚು ಒಬಿಎಸ್‌ನದಲ್ಲ, ಕರೆಂಟಿನದು. ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಕಲಿಸುವವರಿಗೆ ಗೊತ್ತಿರಬೇಕು.

ಚಿಕ್ಕಮಗಳೂರು ಲಿನಕ್ಸ್
4 ಜಿಬಿಯಲ್ಲಿ ವಿಂಡೋಸ್ ಓಡಿಸಿ ಅದರ ಮೇಲೆ ಒಬಿಎಸ್ ಬೇರೆ! ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ನಾನು ವಿಂಡೋಸ್ ಬದಲು ಉಬುಂಟು 22.04 ಎಂಬ ಲಿನಕ್ಸ್ ಹಾಕಿಕೊಂಡೆ. ಪ್ರಿಂಟ್ ಸ್ಕ್ರೀನ್ ಕೀಲಿ ಒತ್ತಿದರೆ ರೆಕಾರ್ಡ್ ಮಾಡುವ ಗುಂಡಿ ಅಲ್ಲೇ ಬರುತ್ತದೆ. ಅದರಲ್ಲಿ ಧ್ವನಿ ಸೇರುವುದಿಲ್ಲ, ಹಾಗಾಗಿ ಸಿಂಪಲ್‌ಸ್ಕ್ರೀನ್‌ರೆಕಾರ್ಡರ್ ಹಾಕಿದೆ. ಅದೂ ಉಚಿತ. ಗುಜರಿಗೆ ಹೋಗಬೇಕಿದ್ದ ಲ್ಯಾಪ್‌ಟಾಪಿನಲ್ಲಿ ನಮ್ಮ ತೋಟದ ಕಾರ್ಮಿಕರ ಹಾಜರಿ ಲೆಕ್ಕ ಕಲಿಸುವ ವೀಡಿಯೊಗಳನ್ನು ಮಾಡಿದ್ದೇನೆ.

ಕಡೂರು ತೆರಿಗೆ ಸಲಹೆಗಾರ್ತಿ
ಸ್ವಾಮಿ, ಅವರು ಕೇಳಿದ್ದು ಟ್ಯಾಲಿ. ಟ್ಯಾಲಿ ಲಿನಕ್ಸಿಗೆ ಬರುವುದಿಲ್ಲ. ಪ್ರಶ್ನೆಯನ್ನಾದರೂ ಪೂರ್ತಿ ಓದಿ.

ಚಿಕ್ಕಮಗಳೂರು ಲಿನಕ್ಸ್
ಲಿನಕ್ಸಿನಲ್ಲಿ ವಿಂಡೋಸ್ ತಂತ್ರಾಂಶ ನಡೆಸುವ ವೈನ್ ಮೂಲಕ ಓಡಿಸಿದವರಿದ್ದಾರೆ. ಪರೀಕ್ಷಿಸದೆ ತಳ್ಳಿಹಾಕಬೇಡಿ.

ಕಡೂರು ತೆರಿಗೆ ಸಲಹೆಗಾರ್ತಿ
ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವ 20ನೇ ತಾರೀಖಿನಂದು ಕಕ್ಷಿದಾರರನ್ನು ಎದುರಿಗೆ ಕೂರಿಸಿಕೊಂಡು ವೈನ್ ಪರೀಕ್ಷಿಸುವಷ್ಟು ಬಿಡುವು ನನಗಿಲ್ಲ. ನಾನು ವಿಂಡೋಸ್ 11ರ ಸ್ನಿಪ್ಪಿಂಗ್ ಟೂಲ್ ಬಳಸುತ್ತೇನೆ. ಬೇಕಾದ ಚೌಕವನ್ನು ಎಳೆದು ಗುರುತಿಸಿದರೆ ಅಷ್ಟೇ ರೆಕಾರ್ಡ್ ಆಗುತ್ತದೆ, ಕಕ್ಷಿದಾರರ ಪಾನ್ ಸಂಖ್ಯೆ ಇರುವ ಜಾಗವನ್ನು ಹೊರಗಿಡಬಹುದು. ಇದನ್ನು ಇಲ್ಲಿ ಯಾರೂ ಯೋಚಿಸಿಲ್ಲ. ನಮ್ಮ ಊರಿನ ಒಂದು ಕಚೇರಿಯಿಂದ ಹೊರಟ ವೀಡಿಯೊದಲ್ಲಿ ನನ್ನದೇ ಕಕ್ಷಿದಾರರ ಬ್ಯಾಂಕ್ ಖಾತೆ ಕಾಣುತ್ತಿತ್ತು. ಅದನ್ನು ತೆಗೆಸಲು ನಾನು ಪಟ್ಟ ಪಾಡು ಸಾಕಪ್ಪಾ ಸಾಕು.

ಹಾಸನದ ಉಪನ್ಯಾಸಕಿ
ಎಲ್ಲರಿಗೂ ವಂದನೆಗಳು. ನನ್ನ 4 ಜಿಬಿಯಲ್ಲಿ ಒಬಿಎಸ್ ನಡೆಯುತ್ತದೆಯೋ ಇಲ್ಲವೋ ಎಂಬುದು ಇನ್ನೂ ತಿಳಿಯಲಿಲ್ಲ.

ಅರಸೀಕೆರೆ
ನಡೆಯುತ್ತದೆ ಮೇಡಂ, ನನ್ನದೂ ಅಷ್ಟೇ. ಬ್ರೌಸರ್ ಮುಚ್ಚಿಡಿ. ಸೆಕೆಂಡಿಗೆ ಫ್ರೇಮ್ (ಚಿತ್ರ) 30ರ ಬದಲು 15 ಸಾಕು, ಟ್ಯಾಲಿಯ ಪರದೆಯಲ್ಲಿ ಓಡುವಂಥದ್ದು ಏನೂ ಇಲ್ಲ. ನಿಮ್ಮ ಪರದೆ 1366×768 ಆಗಿದ್ದರೆ ಒಬಿಎಸ್‌ನಲ್ಲಿ ಬೇಸ್ (ಮೂಲ ಪರದೆ), ಔಟ್‌ಪುಟ್ (ರೆಕಾರ್ಡ್ ಆಗುವ ವೀಡಿಯೊ) ಎರಡರ ಗಾತ್ರಕ್ಕೂ ಅದನ್ನೇ ಕೊಡಿ. ಕುಗ್ಗಿಸಿದರೆ ಅಂಕಿಗಳ ಅಂಚು ಕಲಸಿಹೋಗಿ ಮೊಬೈಲಿನಲ್ಲಿ 3 ಯಾವುದು 8 ಯಾವುದು ತಿಳಿಯುವುದಿಲ್ಲ. ಪರದೆ ಕಪ್ಪಾಗಿ ಬಂದರೆ, ಲ್ಯಾಪ್‌ಟಾಪಿನಲ್ಲಿ ಎರಡು ಗ್ರಾಫಿಕ್ಸ್ ಚಿಪ್ ಇದೆಯೇ ನೋಡಿ. ಇದ್ದರೆ ವಿಂಡೋಸ್‌ನ ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿ ಒಬಿಎಸ್‌ಗೆ ಪವರ್ ಸೇವಿಂಗ್ ಆರಿಸಿ. ಮೇಷ್ಟ್ರು ಹೇಳಿದ ಎಂಕೆವಿ ಈಗ ಅಗತ್ಯವಿಲ್ಲ. 2024ರ 30.2 ಆವೃತ್ತಿಯಿಂದ ಹೈಬ್ರಿಡ್ ಎಂಪಿ4 ಬಂದಿದೆ, ಕರೆಂಟ್ ಹೋದರೂ ಉಳಿಯುತ್ತದೆ.

ಸಕಲೇಶಪುರ ವಿಜ್ಞಾನ ಮೇಷ್ಟ್ರು
ಅರಸೀಕೆರೆಯ ಬಯಲಿನಲ್ಲಿ ಕುಳಿತು ಕರೆಂಟಿನ ಮಾತು ಆಡಬೇಡಿ. ಮರ ಬಿದ್ದು ಲೈನ್ ಹರಿದರೆ ಇಲ್ಲಿ ರಾತ್ರಿಯೆಲ್ಲ ಕತ್ತಲು. ಹೊಸದನ್ನು ನಂಬಿ ಇನ್ನೊಂದು ಪಾಠ ಕಳೆದುಕೊಳ್ಳಲು ನಾನು ತಯಾರಿಲ್ಲ.

ಅರಸೀಕೆರೆ
ನಿಮ್ಮ ಎಂಕೆವಿ ನಿಮಗಿರಲಿ. ಬಯಲು ಸೀಮೆಯಲ್ಲಿ ಕರೆಂಟ್ ಹೋಗುವುದಿಲ್ಲ ಎಂದು ಯಾರು ಹೇಳಿದರು? ಏಪ್ರಿಲ್‌ನಲ್ಲಿ ಒಮ್ಮೆ ಬಂದು ನೋಡಿ, ಆಮೇಲೆ ಮಾತನಾಡೋಣ.