ಮೂರೇ ತಿಂಗಳಿಗೆ ಎದೆಹಾಲು ನಿಂತಿತು, ಮುಂದೆ ಮಗುವಿಗೆ ತೊಂದರೆ ಆಗುತ್ತಾ?

ನಿದ್ದೆಗೆಟ್ಟವಳು:
ಮಗಳಿಗೆ ಈಗ ಐದು ತಿಂಗಳು. ಮೂರನೇ ತಿಂಗಳಿಗೇ ನನಗೆ ಹಾಲು ಕಡಿಮೆಯಾಯಿತು. ಪಂಪ್ ಹಿಡಿದು ಅರ್ಧ ಗಂಟೆ ಕೂತರೂ ಬಾಟಲಿಯ ತಳ ಮುಚ್ಚುವಷ್ಟು ಬರುತ್ತಿರಲಿಲ್ಲ, ಅದನ್ನೂ ಒಂದು ದಿನ ಕೈತಪ್ಪಿ ಚೆಲ್ಲಿ ಅಡುಗೆಮನೆಯ ನೆಲದ ಮೇಲೇ ಕೂತು ಅತ್ತಿದ್ದೇನೆ. ಈಗ ಪೂರ್ತಿ ಫಾರ್ಮುಲಾ, ಅಂದರೆ ಡಬ್ಬಿಯ ಪುಡಿಹಾಲು. ತೂಕ ಚೆನ್ನಾಗಿ ಏರುತ್ತಿದೆ, ಆಡಿಕೊಂಡಿದ್ದಾಳೆ. ಆದರೆ ಬಂದವರೆಲ್ಲ "ಅಯ್ಯೋ, ಮುಂದೆ ಬೊಜ್ಜು, ಶುಗರ್, ಓದಿನಲ್ಲೂ ಹಿಂದೆ" ಅಂತ ಹೇಳಿ ಹೋಗುತ್ತಾರೆ. ನಿಜವಾ? ಸಮಾಧಾನ ಬೇಡ, ಇದ್ದದ್ದು ಇದ್ದ ಹಾಗೆ ಹೇಳಿ.

ಅಂಕಿಪುರಾಣ:
ಅರ್ಧ ನಿಜ. ಎದೆಹಾಲಿನಲ್ಲಿರುವ ಪ್ರತಿಕಾಯಗಳು ಕರುಳಿಗೆ ಕಾವಲು ಇದ್ದ ಹಾಗೆ, ಮೊದಲ ವರ್ಷದಲ್ಲಿ ಭೇದಿ, ಕಿವಿಯ ಸೋಂಕು ಕಡಿಮೆ ಆಗುತ್ತವೆ. ಇದರಲ್ಲಿ ಜಗಳವಿಲ್ಲ. ಗೋಜಲು ಇರುವುದು ದೂರದ ಕಾಯಿಲೆಗಳ ಲೆಕ್ಕದಲ್ಲಿ. ಬಹಳ ಕಡೆ ಜಾಸ್ತಿ ದಿನ ಹಾಲೂಡಿಸುವ ತಾಯಂದಿರು ಹೆಚ್ಚು ಓದಿದವರು, ಅನುಕೂಲವಿರುವವರು. ಹಾಗಾಗಿ ಮಗುವಿನ ಆರೋಗ್ಯ ಹಾಲಿನಿಂದ ಬಂತೋ ಮನೆಯಿಂದ ಬಂತೋ ಬಿಡಿಸುವುದೇ ಕಷ್ಟ.

ಬೆಲಾರೂಸ್‌ನಲ್ಲಿ 1996-97ರಲ್ಲಿ ಇದಕ್ಕೊಂದು ದಾರಿ ಹುಡುಕಿದರು. 31 ಆಸ್ಪತ್ರೆಗಳು, ಸುಮಾರು 17,000 ತಾಯಿ-ಮಕ್ಕಳು. ಚೀಟಿ ಎತ್ತಿದ ಹಾಗೆ ಕೆಲವು ಆಸ್ಪತ್ರೆಗಳನ್ನು ಆರಿಸಿ, ಅಲ್ಲಿ ಮಾತ್ರ ಹಾಲೂಡಿಸಲು ವಿಶೇಷ ಬೆಂಬಲ ಕೊಟ್ಟರು. ಆ ಗುಂಪಿನ ಮಕ್ಕಳಿಗೆ ಮೊದಲ ವರ್ಷ ಕರುಳಿನ ಸೋಂಕು ಕಡಿಮೆಯಾಯಿತು. ಆದರೆ ಹನ್ನೊಂದೂವರೆ ವರ್ಷಕ್ಕೆ ನೋಡಿದರೆ ಬೊಜ್ಜು ಕಡಿಮೆ ಆಗಿರಲಿಲ್ಲ. ಬುದ್ಧಿಪರೀಕ್ಷೆಯಲ್ಲಿ ಆರೂವರೆ ವರ್ಷಕ್ಕೆ ಕಂಡ ವ್ಯತ್ಯಾಸ ಹದಿನಾರಕ್ಕೆ ಬಹುಪಾಲು ಕರಗಿತ್ತು. ಒಂದು ಮಾತು, ಅಲ್ಲಿದ್ದವರೆಲ್ಲ ಶುರುವಿನಲ್ಲಿ ಎದೆಹಾಲು ಕೊಟ್ಟವರೇ. ನೀವೂ ಮೂರು ತಿಂಗಳು ಕೊಟ್ಟಿದ್ದೀರಲ್ವಾ.

ಸುಮ್ನಿರದವನು:
ಸ್ವಲ್ಪ ಜಾಸ್ತಿಯೇ ತಳ್ಳಿಹಾಕಿದಿರಿ. ಬ್ರೆಜಿಲ್‌ನ ಪೆಲೋಟಾಸ್‌ನಲ್ಲಿ 1982ರಲ್ಲಿ ಹುಟ್ಟಿದವರನ್ನು 30 ವರ್ಷ ಹಿಂಬಾಲಿಸಿದ್ದಾರೆ. ಆ ಊರಲ್ಲಿ ಆಗ ಎಷ್ಟು ದಿನ ಹಾಲೂಡಿಸುತ್ತಾರೆ ಅನ್ನುವುದರಲ್ಲಿ ಬಡವರು, ಶ್ರೀಮಂತರು ಅನ್ನುವ ದೊಡ್ಡ ಭೇದವಿರಲಿಲ್ಲ, ಹಾಗಾಗಿ ನೀವು ಹೇಳಿದ ಗೋಜಲು ಅಲ್ಲಿ ಕಡಿಮೆ. ಒಂದು ತಿಂಗಳೂ ಕುಡಿಯದವರಿಗಿಂತ ವರ್ಷಕ್ಕೂ ಮೇಲೆ ಕುಡಿದವರ ಐಕ್ಯೂ (ಬುದ್ಧಿಪರೀಕ್ಷೆಯ ಅಂಕ) ಮೂರು ಚಿಲ್ಲರೆ ಅಂಕ ಹೆಚ್ಚಿತ್ತು. ಆದರೂ ಅದು ಸಾವಿರಾರು ಜನರ ಸರಾಸರಿ, ನಿಮ್ಮ ಮಗಳ ಜಾತಕವಲ್ಲ.

ಎರಡು ಮಕ್ಕಳಮ್ಮ:
ನಿಂತುಹೋದ ಹಾಲಿನ ಲೆಕ್ಕ ಬಿಡಿ, ಮುಂದಿನ ತಿಂಗಳ ಕಡೆ ನೋಡಿ. ನನ್ನ ದೊಡ್ಡವನಿಗೆ ಎಂಟು ತಿಂಗಳವರೆಗೂ ಬರೀ ಎದೆಹಾಲು. ಏನು ಜಂಬ ನನಗೆ! ಆಮೇಲೆ ಮಗು ಮಂಕಾಯಿತು, ಡಾಕ್ಟರ್ ಕಣ್ಣಿನ ಕೆಳರೆಪ್ಪೆ ಎಳೆದು ತೋರಿಸಿದರು, ಒಳಗೆ ಬೆಳ್ಳಗೆ, ರಕ್ತಹೀನತೆ. ಹೊಟ್ಟೆಯಲ್ಲಿದ್ದಾಗ ಕೂಡಿಟ್ಟ ಕಬ್ಬಿಣ ಆರು ತಿಂಗಳ ಹೊತ್ತಿಗೆ ಮುಗಿಯುತ್ತದಂತೆ, ಎದೆಹಾಲಿನಲ್ಲಿ ಅದು ತೀರಾ ಕಡಿಮೆ. ಬೆಳೆಯುವ ಮೆದುಳಿಗೆ ಕಬ್ಬಿಣ ಬೇಕೇ ಬೇಕು. ನಿಮ್ಮ ಫಾರ್ಮುಲಾಗೆ ಕಬ್ಬಿಣ ಸೇರಿಸಿರುತ್ತಾರೆ, ಡಬ್ಬಿಯ ಮೇಲೆ ನೋಡಿಕೊಳ್ಳಿ. ಪುಡಿ ಮಾತ್ರ ಅಳತೆ ಚಮಚಕ್ಕೆ ಸಮವಾಗಿರಲಿ, ಗೋಪುರವೂ ಬೇಡ, ಉಳಿಸಲು ಹೋಗಿ ನೀರು ಜಾಸ್ತಿ ಹಾಕುವುದೂ ಬೇಡ. ಆರು ತಿಂಗಳಿಂದ ಮೆತ್ತಗೆ ಮಾಡಿದ ಊಟ ಶುರು ಮಾಡಿ.

ಶುಗರ್ ಭಯ ಇದ್ದರೆ ಸಕ್ಕರೆ ದೂರವಿಡಿ. ಬ್ರಿಟನ್‌ನಲ್ಲಿ 1953ರವರೆಗೆ ಸಕ್ಕರೆ ರೇಷನ್ ಇತ್ತು, ಒಬ್ಬೊಬ್ಬರಿಗೆ ಇಷ್ಟೇ ಅಂತ ಮಿತಿ. ಗರ್ಭದಿಂದ ಎರಡು ವರ್ಷದವರೆಗಿನ ಆ 1,000 ದಿನ ರೇಷನ್ ಕಾಲದಲ್ಲಿ ಕಳೆದವರಿಗೆ ದೊಡ್ಡವರಾದ ಮೇಲೆ ಟೈಪ್ 2 ಶುಗರ್ ಸುಮಾರು ಶೇ. 35ರಷ್ಟು ಕಡಿಮೆ ಕಂಡಿದೆ. ನಿಮ್ಮ ಮಗಳ ಆ ದಿನಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇನ್ನೂ ಬಾಕಿ ಇವೆ.

ನಿದ್ದೆಗೆಟ್ಟವಳು:
ಡಬ್ಬಿ ನೋಡಿದೆ, ಕಬ್ಬಿಣ ಇದೆ. ಆದರೆ ನಾನು ಇಷ್ಟು ದಿನ ಚಮಚಕ್ಕೆ ಗೋಪುರವೇ ಹಾಕುತ್ತಿದ್ದೆ! ಇವತ್ತಿಂದ ಚಾಕುವಿನ ಬೆನ್ನಲ್ಲಿ ಸವರಿ ಹಾಕುತ್ತೇನೆ. ಊಟದ ವಿಷಯಕ್ಕೆ ಅವಳೇ ಅವಸರದಲ್ಲಿದ್ದಾಳೆ, ನಿನ್ನೆ ನನ್ನ ತಟ್ಟೆಗೇ ಕೈ ಹಾಕಿದಳು.